ಡಿಕ್ಕಿಯಲ್ಲಿ ಶ್ರೀರಂಗಪಟ್ಟಣ

ಬುಧವಾರ

ಬೆಳಿಗ್ಗೆ ಏಳಕ್ಕೆ ಹೊರಡಬೇಕಿದ್ದವರು ನ್ಯೂಜೆರ್ಸಿಯ ಎಡಿಸನ್ ಊರು ಬಿಟ್ಟಾಗ ಹನ್ನೊಂದೂವರೆ. ತಡ ಮಾಡಿದ್ದು ಕಾವೇರಿ. ಹೊಳೆಯ ನೀರಿನ ಹಾಗೆ ಕಾಣಲಿ ಅಂತ ಭಾನುವಾರ ರಾತ್ರಿ ಹಲಗೆಯ ಮೇಲೆ ಹುಯ್ದ ರೆಸಿನ್ ಬುಧವಾರ ಬೆಳಗಾದರೂ ಗಟ್ಟಿಯಾಗಿರಲಿಲ್ಲ. ಬೆರಳಿಟ್ಟರೆ ಹಲಸಿನ ಮೇಣದ ಹಾಗೆ ಹಿಡಿದುಕೊಳ್ಳುತ್ತಿತ್ತು. ಎರಡು ಬಾಟಲಿಗಳನ್ನೂ ಅಳತೆ ನೋಡದೆ ಕಣ್ಣಂದಾಜಿನಲ್ಲಿ ಬೆರೆಸಿದ್ದ ತಪ್ಪು ನನ್ನದೇ.

"ಮಾವ, ನಿಮ್ ಕಾವೇರಿ ಇನ್ನೂ ಒಣಗಿಲ್ಲ," ಅಂತ ಗ್ಯಾರೇಜಿನಿಂದ ಕೂಗಿದ ನನ್ನ ಅಕ್ಕನ ಮಗ.

"ಮಂಡ್ಯದಲ್ಲಿ ಹುಟ್ಟಿದೋನು ಆಡೋ ಮಾತೇನೋ ಅದು?" ಅಂದೆ.

ಅವನಿಲ್ಲಿ ಎಂಎಸ್ ಮಾಡುತ್ತಿದ್ದಾನೆ. ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದವನನ್ನು ಮೂರು ತಿಂಗಳಿಂದ ಥರ್ಮಾಕೋಲ್ ಕೊರೆಯಲು ಕೂರಿಸಿದ್ದೆ. ಕೊರೆದದ್ದು ಶ್ರೀರಂಗಪಟ್ಟಣದ ಕೋಟೆಯ ಪಶ್ಚಿಮ ಮೂಲೆ. ಅದನ್ನೀಗ ನಾಲ್ಕು ತುಂಡು ಮಾಡಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಕಾರಿನ ಡಿಕ್ಕಿಗೆ ತುರುಕಿ, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಊರಿಗೆ ಒಯ್ಯಬೇಕಿತ್ತು. ಅಲ್ಲಿ ನಡೆಯುವ ಹಿಸ್ಟಾರಿಕಾನ್ ಅನ್ನುವ ಜಾತ್ರೆಯಲ್ಲಿ ನಾನು ಎರಡು ದಿನ, ದಿನಕ್ಕೊಂದು ಸಲ, 1799ರ ಮುತ್ತಿಗೆಯನ್ನು ಆಡಿಸುವವನಿದ್ದೆ.

ಈ ಹುಚ್ಚು ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಮೇಜು, ಅದರ ಮೇಲೆ ಗುಡ್ಡ, ಹೊಳೆ, ಗೋಡೆ. ಬೆರಳುಗುರಿನಷ್ಟೆತ್ತರದ ಲೋಹದ ಸಿಪಾಯಿಗಳು. ಯಾರು ಎಷ್ಟು ದೂರ ನಡೆಯಬಹುದು ಅಂತ ಇಂಚುಪಟ್ಟಿ ಹೇಳುತ್ತದೆ, ಗುಂಡು ತಾಗಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ನಮ್ಮಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ, "ನಾನು ದಸರಾಕ್ಕೆ ಒಂಬತ್ತು ದಿನ ಗೊಂಬೆ ಕೂರಿಸ್ತೀನಿ, ನೀನು ವರ್ಷವೆಲ್ಲಾ ಕೂರಿಸ್ತೀಯ, ಅಷ್ಟೇ ತಾನೆ?" ಅಂದಿದ್ದರು. ನಾನೂ ಅದಕ್ಕಿಂತ ಚೆನ್ನಾಗಿ ವಿವರಿಸಲಾರೆ. ಅಮ್ಮನ ಪಟ್ಟದ ಗೊಂಬೆಗಳು ಸಾಯುವುದಿಲ್ಲ, ನನ್ನವು ಸಾಯುತ್ತವೆ, ಅಷ್ಟೇ ವ್ಯತ್ಯಾಸ.

ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಹಿಡಿದು ಹೋಗುವಾಗ ವ್ಯಾಲಿ ಫೋರ್ಜ್ ಬೋರ್ಡು ಕಂಡಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ 1777ರ ಚಳಿಗಾಲವನ್ನು ವಾಷಿಂಗ್ಟನ್ನನ ಸೈನ್ಯ ಕಳೆದ ಜಾಗ ಅದು. ಅವರನ್ನು ಅಲ್ಲಿಗೆ ಅಟ್ಟಿದವರಲ್ಲಿ ಬ್ರಿಟಿಷ್ ಸೇನಾನಿ ಲಾರ್ಡ್ ಕಾರ್ನ್‌ವಾಲಿಸ್ ಒಬ್ಬ. ಸೆಪ್ಟೆಂಬರ್ 26ರಂದು ಅವನು ಫಿಲಡೆಲ್ಫಿಯಾ ಹೊಕ್ಕ. ಅಲ್ಲಿಂದ ಕಾಲ್ಕಿತ್ತಿದ್ದ ಅಮೆರಿಕದ ಕಾಂಗ್ರೆಸ್ಸು ಮಾರನೇ ದಿನ ಲ್ಯಾಂಕಾಸ್ಟರ್‌ನಲ್ಲಿ ಸಭೆ ಸೇರಿತು. ಆ ಒಂದೇ ಒಂದು ದಿನ ಲ್ಯಾಂಕಾಸ್ಟರ್ ಈ ದೇಶದ ರಾಜಧಾನಿ. ಇದೇ ಕಾರ್ನ್‌ವಾಲಿಸ್ 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದ. ಹನ್ನೊಂದು ವರ್ಷದ ಮೇಲೆ ನಮ್ಮ ಕಡೆ ಬಂದು ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಬರೆಸಿಕೊಂಡು ಹೋದ. ಇದರ ಜೊತೆಗೆ ಇನ್ನೊಂದು ನಂಟೂ ಇದೆ: 1782ರಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು 'ಹೈದರ್ ಅಲಿ'. ಆಗ ಹೈದರ್ ಇನ್ನೂ ಬದುಕಿದ್ದ. ಬ್ರಿಟಿಷರಿಗೆ ನೀರು ಕುಡಿಸುತ್ತಿದ್ದವನ ಹೆಸರು ಇಟ್ಟರೆ ಶುಭ ಅಂತ ಇಲ್ಲಿಯವರಿಗೆ ಅನಿಸಿರಬೇಕು.

ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ಎಕ್ಸಿಟ್ ತಪ್ಪಿಸಿಕೊಂಡೆ. ತಪ್ಪಿದ್ದು ಗೊತ್ತಾಗಿ ಬ್ರೇಕ್ ಒತ್ತಿದಾಗ ಹಿಂದಿನಿಂದ 'ಕಟ್' ಅಂತ ಸದ್ದು.

"ಕೋಟೆ ಬಿತ್ತು ಮಾವ," ಅಂದ ಅಳಿಯ. "ಗುಂಡೇ ಹಾರಿಸಲಿಲ್ಲ."

ಗುರುವಾರ

ಬಿದ್ದದ್ದು ವಾಯವ್ಯದ ಕೊತ್ತಲ. ಹೋಟೆಲಿನ ರೂಮಿನಲ್ಲಿ ಗ್ಲೂ ಗನ್ ಕಾಯಿಸಿ ಅಂಟಿಸಿದೆವು. ಬಿರುಕು ಉಳಿಯಿತು. ಬಿಡು, ಹೇಗೂ ಒಡೆಯಬೇಕಾದ ಗೋಡೆ.

ಕನ್ವೆನ್ಷನ್ ಸೆಂಟರ್ ಇರುವುದು ಊರಿನ ಮಧ್ಯದ ಪೆನ್ ಸ್ಕ್ವೇರ್‌ನಲ್ಲಿ. ಹಳೇ ಕಾಲದ ಬಟ್ಟೆ ಅಂಗಡಿಯೊಂದರ ಮುಖವನ್ನು ಹಾಗೇ ಉಳಿಸಿಕೊಂಡು ಅದರ ಬೆನ್ನಿಗೆ ಹೊಸ ಕಟ್ಟಡ ಎಬ್ಬಿಸಿದ್ದಾರೆ. ಗುಲಾಮಗಿರಿಯ ವಿರುದ್ಧ ಸಂಸತ್ತಿನಲ್ಲಿ ಗುಡುಗಿದ ಥ್ಯಾಡಿಯಸ್ ಸ್ಟೀವನ್ಸ್‌ನ ಮನೆಯೂ ಅದಕ್ಕೆ ಸೇರಿಕೊಂಡಂತಿದೆ. ಒಳಗೆ ಹೋದರೆ ಸಾಲು ಸಾಲು ಮೇಜು. ಒಂದರ ಮೇಲೆ ವಾಟರ್‌ಲೂ, ಪಕ್ಕದಲ್ಲಿ ನಾರ್ಮಂಡಿಯ ಮರಳದಂಡೆ, ಅದರಾಚೆ ಹ್ಯಾನಿಬಲ್‌ನ ಆನೆಗಳು. ಬಿಳಿ ಗಡ್ಡದವರೇ ಹೆಚ್ಚು. ಮೊಣಕಾಲು ನೋವು, ಕನ್ನಡಕದ ಮೇಲೊಂದು ಭೂತಗನ್ನಡಿ, ಕೈಯಲ್ಲಿ ಟೇಪು. ಕಂದು ಮೈಯವರು ಎಣಿಸಿದರೆ ನಮ್ಮಿಬ್ಬರನ್ನೂ ಸೇರಿಸಿ ಒಂದು ಕೈ ಬೆರಳಿನಷ್ಟು.

ಮಧ್ಯಾಹ್ನ ಒಂದು ಸಿವಿಲ್ ವಾರ್ ಆಟಕ್ಕೆ ಕೂತೆ, ಬೇಗ ಸತ್ತೆ. ಸುತ್ತಾಡುವಾಗ ಗಮನಿಸಿದ್ದು ಇಷ್ಟೇ: ಬಯಲಿನ ಕಾಳಗಗಳು ಎಷ್ಟು ಬೇಕಾದರೂ ಇವೆ, ಮುತ್ತಿಗೆಗಳಿಲ್ಲ. ಅದಕ್ಕೆ ಕಾರಣವೂ ಇದೆ. ಮುತ್ತಿಗೆ ಅಂದರೆ ಮುಕ್ಕಾಲು ಪಾಲು ಮಣ್ಣು ಅಗೆಯುವ ಕೆಲಸ. 1673ರಲ್ಲಿ ಮಾಸ್ಟ್ರಿಕ್ಟ್ ಕೋಟೆಗೆ ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್ ಸಮಾನಾಂತರ ಕಂದಕ ತೋಡುತ್ತಾ ಹತ್ತಿರ ಹೋಗುವುದನ್ನು ತೋರಿಸಿದ ಮೇಲೆ ಅದು ಹೆಚ್ಚುಕಮ್ಮಿ ಗಣಿತವಾಗಿಬಿಟ್ಟಿತು. ಕೆಲಸ ಬಿಟ್ಟು ಬಂದವರು ನಾಲ್ಕು ಗಂಟೆ ಹೊತ್ತು ಗುದ್ದಲಿ ಹಿಡಿಯುತ್ತಾರೆಯೇ? ಅದಕ್ಕೇ ನಾನು ಆಟವನ್ನು ಎರಡು ಮಾಡಿದ್ದೆ. ಮೊದಲ ಒಂದು ಗಂಟೆ ನಕ್ಷೆಯ ಮೇಲೆ ಮುತ್ತಿಗೆ, ಒಂದು ಸರದಿಗೆ ಒಂದು ದಿನ. ಗೋಡೆ ಒಡೆದ ಮೇಲೆ ಮೇಜಿನ ಹತ್ತಿರ ಬಂದು ದಾಳಿ, ಒಂದು ಸರದಿಗೆ ಎರಡು ನಿಮಿಷ.

ರಾತ್ರಿ ರೂಮಿನಲ್ಲಿ ಪುಳಿಯೋಗರೆ, ಕೋಡುಬಳೆ. ಅಳಿಯ ಸಿಪಾಯಿಗಳನ್ನು ಹಾಸಿಗೆಯ ಮೇಲೆ ಸಾಲಾಗಿ ನಿಲ್ಲಿಸಿ ಎಣಿಸಿದ. ಮೇ 4ರಂದು ನುಗ್ಗಿದ ಪಡೆಯಲ್ಲಿ ಯುರೋಪಿನವರು 2,494, ನಮ್ಮವರು 1,882. ಇಪ್ಪತ್ತು ಜನಕ್ಕೆ ಒಂದು ಗೊಂಬೆ ಅಂತ ಹಿಡಿದು 125, 94. "ನಮ್ಮವರು ಅಂದ್ರೆ ಯಾವ ಕಡೆ ಮಾವ?" ಅಂತ ಕೇಳಿದ. ಬ್ರಿಟಿಷರ ಕಡೆಯ 94 ಗೊಂಬೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ. ಲೈಟ್ ಆರಿಸು ಅಂದೆ.

ಶುಕ್ರವಾರ

ಬೆಳಿಗ್ಗೆ ಎದುರಿಗಿದ್ದ ಸೆಂಟ್ರಲ್ ಮಾರ್ಕೆಟ್‌ಗೆ ಹೋದೆವು. 1730ರಿಂದ ನಡೆದುಕೊಂಡು ಬಂದ ಸಂತೆ ಅದು. ಹಳೇ ಕಾಲದ ರೀತಿಯಲ್ಲೇ ಬದುಕುವ ಆಮಿಶ್ ಪಂಗಡದ ಹೆಂಗಸರು ಬಿಳಿ ಟೊಪ್ಪಿ ಹಾಕಿಕೊಂಡು ಪೀಚ್ ಹಣ್ಣು, ಉಪ್ಪಿನಕಾಯಿ, ಬ್ರೆಡ್ಡು ಮಾರುತ್ತಿದ್ದರು. ಶೂಫ್ಲೈ ಪೈ ಅನ್ನುವ ತಿಂಡಿ ಅಲ್ಲಿಯ ಹೆಗ್ಗಳಿಕೆ. ಒಳಗಿರುವುದು ಕಬ್ಬಿನ ಕಾಕಂಬಿ. ಅಳಿಯ ಒಂದು ತುಂಡು ಮೂಗಿನ ಹತ್ತಿರ ತಂದವನೇ, "ಆಲೆಮನೆ ಕಣ್ ಮಾವ!" ಅಂದ. ನಿಜವೇ. ಕೊಪ್ಪರಿಗೆಯ ತಳ ಹಿಡಿದ ಬೆಲ್ಲದ ವಾಸನೆ.

ಆಟ ಒಂದು ಗಂಟೆಗೆ. ಹನ್ನೊಂದಕ್ಕೇ ಹೋಗಿ ಮೇಜು ಸಿದ್ಧ ಮಾಡತೊಡಗಿದೆವು. ಅಗಲ ಐದು ಅಡಿ, ಉದ್ದ ಆರು. ಎಂಟು ಅಡಿ ಬೇಕಿತ್ತು. ಫಾರಂ ತುಂಬುವಾಗ ಆರು ಅಂತ ಬರೆದವನು ನಾನೇ. ಹಾಗಾಗಿ ಕೋಟೆಯ ದಕ್ಷಿಣದ ಗೋಡೆಯ ಬಾಲ ಗಾಳಿಯಲ್ಲಿ ತೇಲುತ್ತಿತ್ತು, ಅದರ ಕೆಳಗೆ ನಮ್ಮ ಸೂಟ್‌ಕೇಸು ಒತ್ತಿಟ್ಟೆವು.

ಹೊಳೆಯ ಅಗಲ ಮಾತ್ರ ಬಿಟ್ಟುಕೊಡಲಿಲ್ಲ. ದಾಳಿಯವರು ದಾಟಿದ ಕಡೆ ಕಾವೇರಿ ಸುಮಾರು 280 ಗಜ. ಇಂಚಿಗೆ ಹತ್ತು ಗಜದಂತೆ 28 ಇಂಚು. ಮೇ ತಿಂಗಳ ಬಂಡೆ, ಅಲ್ಲಲ್ಲಿ ಪಾದ ಮುಳುಗುವಷ್ಟು, ಅಲ್ಲಲ್ಲಿ ಸೊಂಟದವರೆಗೆ ನೀರು. ರೈಲಿನಲ್ಲಿ ಮೈಸೂರಿಗೆ ಹೋಗುವಾಗ ಆ ಬಂಡೆಗಳನ್ನು ನೋಡದ ಮಂಡ್ಯದವನಿಲ್ಲ. ಹಳಿಯೇ ಕೋಟೆಯನ್ನು ಸೀಳಿಕೊಂಡು ಹೋಗುತ್ತದಲ್ಲ. ಚಿಕ್ಕವನಿದ್ದಾಗ ಕಿಟಕಿಯ ಸರಳಿಗೆ ಮುಖ ಒತ್ತಿ ನೋಡುತ್ತಿದ್ದುದು ಅದನ್ನೇ. ಮೇಜಿನ ಮೇಲಿನ ಬಂಡೆಗಳು ಮಾತ್ರ ಎಡಿಸನ್ ಮನೆಯ ಹಿತ್ತಲಿನ ಜಲ್ಲಿ.

ಇನ್ನೆರಡು ಸಾಮಾನು ಮೇಜಿನ ಪಕ್ಕದ ನಮ್ಮ ಮಡಚುವ ಸ್ಟೂಲಿನ ಮೇಲಿದ್ದವು. ಒಂದು ಬಟ್ಟಲು ಸೋನಾ ಮಸೂರಿ ಅಕ್ಕಿ, ಹದಿನೆಂಟು ಚಮಚ. ಒಂದು ಕಟ್ಟು ಮಳೆಯ ಕಾರ್ಡು. ನನ್ನ ಆಟದ ಜೀವ ಈ ಎರಡರಲ್ಲಿದೆ. ಬ್ರಿಟಿಷರ ಸೇನಾಪತಿ ಜನರಲ್ ಹ್ಯಾರಿಸ್ ಏಪ್ರಿಲ್ 5ಕ್ಕೆ ಪಟ್ಟಣದ ಮುಂದೆ ಬೀಡುಬಿಟ್ಟಾಗ ಫಿರಂಗಿಗೆ ಬರವಿರಲಿಲ್ಲ, ಬರ ಇದ್ದದ್ದು ಅಕ್ಕಿಗೆ. ಸಾಮಾನು ಎಳೆಯುವ ಎತ್ತುಗಳು ದಾರಿಯುದ್ದಕ್ಕೂ ಸತ್ತಿದ್ದವು. ಅರ್ಧ ಹೊಟ್ಟೆಗೆ ಹಾಕಿದರೂ ಮೇ ಮೊದಲ ವಾರದಾಚೆಗೆ ಕಾಳಿಲ್ಲ. ಜೊತೆಗೆ ಮುಂಗಾರಿನ ಭಯ. ಕೊಡಗಿನಲ್ಲಿ ಒಂದು ಮಳೆ ಹೊಡೆದರೆ ಪಟ್ಟಣದ ಸುತ್ತ ಕಾವೇರಿ ಎದ್ದು ನಿಲ್ಲುತ್ತಾಳೆ, ಆಮೇಲೆ ತಿಂಗಳುಗಟ್ಟಲೆ ಯಾರೂ ದಾಟುವ ಹಾಗಿಲ್ಲ. ಟಿಪ್ಪು ಕಾಯುತ್ತಿದ್ದದ್ದೂ ಅದನ್ನೇ. ಹೀಗೆ ಇಬ್ಬರೂ ಗೋಡೆಯ ಆಚೆ ಈಚೆ ಕೂತು ಕಣ್ಣಿಟ್ಟದ್ದು ಆಕಾಶದ ಮೇಲೆ.

ಎಂಟು ಜನ ಆಟಗಾರರು ಬಂದರು. ಹ್ಯಾರಿಸ್ ಆಗಿ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಟಿಪ್ಪುವಾಗಿ ಓಹಾಯೋ ಕಡೆಯ ದಢೂತಿ ಲಾರಿ ಡ್ರೈವರ್. ಅವನು 'ಸೆರಿಂಗಪಟಂ' ಅಂದ. ನಿನ್ನ ಸ್ವಂತ ರಾಜಧಾನಿಯ ಹೆಸರನ್ನು ಶತ್ರುವಿನ ಬಾಯಲ್ಲಿ ಹೇಳಬೇಡ ಮಾರಾಯ ಅಂತ ತಿದ್ದಿದೆ. ಮೂರು ಸಲ ಪ್ರಯತ್ನಪಟ್ಟು 'ಶ್ರೀ, ರಂಗಾ, ಪಟ್ನಾ' ಅಂದ. ಪಾಸಾಯಿತು.

ಬೇರ್ಡ್‌ನ ಕಥೆ ಹೇಳಿದಾಗ ಎಲ್ಲರೂ ಕಿವಿ ಕೊಟ್ಟರು. ದಾಳಿಯ ಮುಂದಾಳು ಡೇವಿಡ್ ಬೇರ್ಡ್ 1780ರಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಸಿಕ್ಕಿಬಿದ್ದು ಇದೇ ಪಟ್ಟಣದ ಸೆರೆಯಲ್ಲಿ 44 ತಿಂಗಳು ಕೊಳೆತವನು. ಕೈದಿಗಳನ್ನು ಜೋಡಿ ಜೋಡಿಯಾಗಿ ಸರಪಳಿಯಲ್ಲಿ ಬಿಗಿದಿದ್ದಾರೆ ಅನ್ನುವ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ ಅವನ ತಾಯಿ, ನಮ್ಮ ಡೇವಿಯ ಜೊತೆಗೆ ಕಟ್ಟಿಹಾಕಿದವನ ಗತಿ ದೇವರೇ ನೋಡಿಕೊಳ್ಳಬೇಕು ಅಂದಳಂತೆ. ಹೆತ್ತವಳಿಗಿಂತ ಮಗನನ್ನು ಬಲ್ಲವರುಂಟೇ?

ಮೇಷ್ಟ್ರು ಚೊಕ್ಕವಾಗಿ ಆಡಿದರು. ದಿನಕ್ಕೊಂದು ಚಮಚ ಅಕ್ಕಿ ತೆಗೆದು ಖಾಲಿ ಲೋಟಕ್ಕೆ ಹಾಕುವ ಕೆಲಸವನ್ನು ಅವರೇ ವಹಿಸಿಕೊಂಡರು. ಒಂದು ಕಾಳೂ ಚೆಲ್ಲುತ್ತಿರಲಿಲ್ಲ. ಚಮಚದ ಅಂಚನ್ನು ಬೆರಳಿನಿಂದ ಒರೆಸಿ ಮಟ್ಟ ಮಾಡುತ್ತಿದ್ದರು, ನಮ್ಮೂರಿನ ರೇಷನ್ ಅಂಗಡಿಯವನ ಹಾಗೆ. ಏಪ್ರಿಲ್ 17ರಿಂದ ಕಂದಕ ತೋಡಿದರು, ಫಿರಂಗಿ ಕೂರಿಸಿದರು, ಗೋಡೆಯ ಒಂದೇ ಜಾಗಕ್ಕೆ ಬಡಿದರು. ಆ ಕೋಟೆಯ ದೌರ್ಬಲ್ಯ ಅದರ ಉದ್ದನೆಯ ನೇರ ಗೋಡೆ. ಒಡೆದ ಜಾಗದೊಳಗೆ ನುಗ್ಗುವವನಿಗೆ ಪಕ್ಕದಿಂದ ಹೊಡೆಯಲು ಬೇಕಾದ ಕೋನಗಳು ಅದರಲ್ಲಿ ಕಡಿಮೆ. ಹದಿನೆಂಟನೇ ಚಮಚ ಮುಗಿದಾಗ ಬಿರುಕು ಅಂಗೈ ಅಗಲವಾಗಿತ್ತು. ಹೋಟೆಲಿನಲ್ಲಿ ಅಂಟಿಸಿದ್ದ ಜಾಗವೇ ಮೊದಲು ಕಿತ್ತುಕೊಂಡು ಬಂತು ಅನ್ನುವುದು ಬೇರೆ ಮಾತು.

"ಈಗ ನುಗ್ತೀರಾ?" ಅಂತ ಕೇಳಿದೆ.

ಮೇಷ್ಟ್ರು ಚೀಟಿಯ ಮೇಲೆ ಏನೋ ಲೆಕ್ಕ ಹಾಕಿದರು. ಇನ್ನೆರಡು ದಿನ ಹೊಡೆದರೆ ಬಿರುಕು ಇನ್ನೆರಡು ಇಂಚು ಹಿಗ್ಗುತ್ತದೆ, ಸಾಯುವವರು ಇಷ್ಟು ಕಮ್ಮಿಯಾಗುತ್ತಾರೆ. ಬಟ್ಟಲು ಖಾಲಿ. ಇರಲಿ, ಎರಡು ದಿನ ಉಪವಾಸ ಮಾಡಿಸುತ್ತೇನೆ ಅಂದರು.

ಮೊದಲ ಮಳೆ ಕಾರ್ಡು ತೆಗೆದರು, ಬಿಸಿಲು. ಎರಡನೆಯದು: ಕೊಡಗಿನಲ್ಲಿ ರಾತ್ರಿಯಿಡೀ ಮಳೆ.

ಬರಿಯ ಬಂಡೆಯ ಹೊಳೆಯಲ್ಲಿ ಗೊಂಬೆ ಸರದಿಗೆ ಎಂಟು ಇಂಚು ನಡೆಯುತ್ತದೆ. ನಾಲ್ಕು ಸರದಿಯಲ್ಲಿ ಆಚೆ ದಡ. ನಿಜವಾದ ದಾಳಿಯಲ್ಲೂ ಆರೇಳು ನಿಮಿಷದಲ್ಲಿ ಬಾವುಟ ಗೋಡೆ ಏರಿತ್ತು. ನೀರು ಏರಿದರೆ ನಾಲ್ಕೇ ಇಂಚು. ಏಳು ಸರದಿ ಅವರು ಸೊಂಟದ ನೀರಿನಲ್ಲಿ, ಮೇಲಿಂದ ಬಾಣ. ನಮ್ಮ ಬಾಣ ಅಂದರೆ ಕಬ್ಬಿಣದ ಕೊಳವೆಯ ರಾಕೆಟ್ಟು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಿನ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಮಿಕ್ಕಿ ಸಿಕ್ಕವಲ್ಲ, ಅಂಥವು. ತಾಮ್ರದ ತಂತಿಗೆ ಹತ್ತಿಯ ಹೊಗೆ ಸುತ್ತಿ ಮಾಡಿದ್ದೆ. ರಾಕೆಟ್ಟು ಎತ್ತ ಹಾರುತ್ತದೆ ಅಂತ ಹಾರಿಸಿದವನಿಗೂ ಗೊತ್ತಿಲ್ಲದ ಹಾಗೆ ದಿಕ್ಕಿನ ದಾಳ ಬೇರೆ. ಎರಡು ಸಲ ತಮ್ಮ ಗೋಡೆಗೇ ಬಿತ್ತು. ಮೂರನೆಯದು ಬೇರ್ಡ್‌ನ ಪಕ್ಕದಲ್ಲಿ. ಲಾರಿ ಡ್ರೈವರ್ ಹಾಕಿದ ಕೇಕೆಗೆ ವಾಟರ್‌ಲೂ ಮೇಜಿನವರೂ ಎದ್ದು ಬಂದರು.

ಆಚೆ ದಡ ಮುಟ್ಟಿದ ಗೊಂಬೆಗಳು ಹದಿನೇಳು.

ಎಲ್ಲ ಹೋದ ಮೇಲೆ ಮೇಷ್ಟ್ರು ಸ್ಟೂಲಿನ ಹತ್ತಿರ ನಿಂತು ಖಾಲಿ ಬಟ್ಟಲಿನ ತಳವನ್ನು ಬೆರಳಿನಿಂದ ಸವರಿದರು. ಹ್ಯಾರಿಸ್ ಆತುರಪಟ್ಟ ಅಂತ ನಲವತ್ತು ವರ್ಷದಿಂದ ಅಂದುಕೊಂಡಿದ್ದೆ ಅಂದರು. ಆಮೇಲೆ ನನ್ನ ಕೋಡುಬಳೆಯ ಡಬ್ಬಿಗೆ ಕೈ ಹಾಕಿದರು.

ಶನಿವಾರ

ಇವತ್ತಿನದನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಯಾಕೆಂದರೆ ಎಡವಟ್ಟಾಯಿತು.

ಶ್ರೀರಂಗಪಟ್ಟಣದ ಆಟ ಆಡಿಸುವವನಿಗೆ ಒಂದು ಮುಳ್ಳು ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್. ದಾಳಿಯ ಹೊತ್ತಿಗೆ ಸಂಬಳ ಕೊಡುತ್ತೇವೆ ಅಂತ ಬಿರುಕಿನ ಬಳಿಯ ಕಾವಲಿನವರನ್ನು ಒಳಗೆ ಕರೆಸಿದ ಅನ್ನುವುದು ನಾವೆಲ್ಲ ಕೇಳಿ ಬೆಳೆದ ಕಥೆ. ಹೈದರ್, ಟಿಪ್ಪು ಇಬ್ಬರ ಕಾಲವನ್ನೂ ಕಂಡ ಇತಿಹಾಸಕಾರ ಕಿರ್ಮಾನಿಯೂ ಅವನನ್ನು ದ್ರೋಹಿ ಅಂತಲೇ ಬರೆದಿದ್ದಾನೆ. ಪಕ್ಷ ಬದಲಾಯಿಸಿದ ಶಾಸಕನಿಗೆ ಇವತ್ತಿಗೂ ನಮ್ಮಲ್ಲಿ ವೇದಿಕೆಯ ಮೇಲೆ ಬೈಯುವ ಹೆಸರು ಅದು. (ಟಿಪ್ಪುವಿನ ವಿಷಯವೇ ಅಷ್ಟು. ಊರಿನ ಹೋಟೆಲಲ್ಲಿ ಎತ್ತಿದರೆ ಕಾಫಿ ಆರುವ ಮುಂಚೆ ಎರಡು ಪಾರ್ಟಿ. ಇಲ್ಲಿ ಆ ತಾಪತ್ರಯ ಇಲ್ಲ, ಇವರಿಗೆ ಅವನು ಬರೀ ಒಬ್ಬ ಒಳ್ಳೆ ಎದುರಾಳಿ.) ಆದರೆ ಆಟದಲ್ಲಿ ದ್ರೋಹವನ್ನು ಹೇಗೆ ತರುವುದು? 'ನೀನು ದ್ರೋಹಿ' ಅಂತ ಮೊದಲೇ ಹೇಳಿದರೆ ಉಳಿದವರು ಅವನನ್ನು ಕಟ್ಟಿಹಾಕುತ್ತಾರೆ.

ನಾನು ಕಂಡುಕೊಂಡ ದಾರಿ ಲಕೋಟೆ. ದಾಳಿ ಶುರುವಾಗುವ ಮುಂಚೆ ಕೋಟೆಯ ನಾಲ್ವರು ಸರದಾರರಿಗೂ ಮುಚ್ಚಿದ ಲಕೋಟೆ ಕೊಡುತ್ತೇನೆ. ಮೂರರಲ್ಲಿ ಖಾಲಿ ಹಾಳೆ. ಒಂದರಲ್ಲಿ, ನಿನ್ನ ದಳವನ್ನು ಸಂಬಳಕ್ಕೆ ಒಳಗೆ ಕರೆಸು, ಕೋಟೆ ಬಿದ್ದರೆ ಗೆಲುವು ನಿನ್ನದು ಅಂತ ಬರೆದ ಕಾರ್ಡು. ಓದಿ ಜೇಬಿಗೆ ಹಾಕಿಕೊಳ್ಳಬೇಕು, ತೋರಿಸುವಂತಿಲ್ಲ. ಶುಕ್ರವಾರ ಕಾರ್ಡು ಬಂದವನು ಪ್ರಾಮಾಣಿಕವಾಗಿ ದ್ರೋಹ ಮಾಡಿದ್ದ, ಆದರೆ ಹೊಳೆಯೇ ಕೆಲಸ ಮುಗಿಸಿದ್ದರಿಂದ ಯಾರೂ ಗಮನಿಸಿರಲಿಲ್ಲ.

ಶನಿವಾರ ಟಿಪ್ಪುವಾಗಿ ಕೂತವರು ಬಿಳಿಕೂದಲಿನ ಇತಿಹಾಸದ ಟೀಚರಮ್ಮ. ಜೊತೆಗೆ ಕಾಲೇಜು ಹುಡುಗ ಒಬ್ಬ, ಒಬ್ಬ ಅಪ್ಪ, ಅವನ ಹದಿಮೂರು ವರ್ಷದ ಮಗಳು. ಆ ಹುಡುಗಿಗೆ ನನ್ನ ಹುಲಿಪಟ್ಟೆಯ ಸಿಪಾಯಿಗಳ ಮೇಲೆ ಮೊದಲ ನೋಟಕ್ಕೇ ಮನಸ್ಸು ಹೋಯಿತು. ಟಿಪ್ಪುವಿನ ಪಡೆಯ ಅಂಗಿಯ ಮೇಲಿನ ಬಬ್ರಿ ಪಟ್ಟೆ ಅದು. ಹದಿನೈದು ಮಿಲಿಮೀಟರಿನ ಗೊಂಬೆಯ ಎದೆಯ ಮೇಲೆ ಬರೆಯಲು ಕುಂಚದ ಮೂರು ಕೂದಲು ಸಾಕು. ಉಸಿರು ಹಿಡಿದು ಒಂದು ಗೆರೆ, ಬಿಟ್ಟು ಇನ್ನೊಂದು. ಒಂದು ಗೊಂಬೆಗೆ ಒಂಬತ್ತು ಗೆರೆ, ಅಂಥ ತೊಂಬತ್ತು ಗೊಂಬೆ. ಚಳಿಗಾಲವೆಲ್ಲ ಅದೇ ಆಯಿತು. ಹುಡುಗಿ ಒಂದನ್ನು ಎತ್ತಿ ಲೈಟಿಗೆ ಹಿಡಿದು, "ಇವನದು ಎಂಟೇ ಪಟ್ಟೆ" ಅಂದಳು. ಸರಿಯಾಗಿಯೇ ಎಣಿಸಿದ್ದಳು.

ಈ ಸಲದ ಬ್ರಿಟಿಷರು ಹೊಟ್ಟೆಯ ಲೆಕ್ಕ ಬಲ್ಲವರು. ಹದಿನೇಳನೇ ಚಮಚಕ್ಕೇ ಸಿದ್ಧವಾದರು. ನಡುವೆ ಅವರ ಗುಂಡೊಂದು ಕೋಟೆಯ ರಾಕೆಟ್ ಉಗ್ರಾಣಕ್ಕೆ ಬಿದ್ದು ಹಾರಿಸಿತು. ಮೇ 2ರಂದು ನಿಜವಾಗಿಯೂ ಹಾಗೇ ಆಗಿತ್ತು ಅಂದಾಗ ಟೀಚರಮ್ಮ ದಾಳವನ್ನೇ ಸಂಶಯದಿಂದ ನೋಡಿದರು.

ಲಕೋಟೆ ಹಂಚಿದೆ. ನಾಲ್ವರೂ ತೆರೆದು ನೋಡಿ, ಮುಖ ಗಂಟಿಕ್ಕಿಕೊಂಡು ಮಡಚಿಟ್ಟರು. ಅಲ್ಲಿಂದ ಶುರುವಾಯಿತು.

ಟೀಚರಮ್ಮ ದಕ್ಷಿಣದ ಕಾವಲನ್ನು ಬಿರುಕಿನ ಹತ್ತಿರ ತರಲು ಹುಡುಗನಿಗೆ ಹೇಳಿದರು. ಸರಿಯಾದ ಆಜ್ಞೆ. ಹುಡುಗ ಕದಲಲಿಲ್ಲ. "ನನ್ನ ಜನರನ್ನೇ ಯಾಕೆ ತೆಗೆಸ್ತಾ ಇದೀರಿ?" ಅಂದ. ಅಪ್ಪ ತನ್ನ ದಳವನ್ನು ಕಳಿಸುತ್ತೇನೆ ಅಂದರೆ ಟೀಚರಮ್ಮನೇ ಬೇಡ ಅಂದರು, ಕಣ್ಣಲ್ಲಿ ಅನುಮಾನ. ಅಷ್ಟರಲ್ಲಿ ಹುಡುಗಿ ಯಾರೂ ನೋಡದ್ದನ್ನು ನೋಡಿದಳು. ಆ ಕೋಟೆಗೆ ಒಳಗೆ ಇನ್ನೊಂದು ಗೋಡೆ, ನಡುವೆ ನೀರಿನ ಕಂದಕ ಇತ್ತು. ಹೊರಗೋಡೆ ಹತ್ತಿದ ದಾಳಿಕೋರರು ಅದನ್ನು ನೋಡಿ ಬೆಚ್ಚಿದ್ದರು. ಅವರ ಅದೃಷ್ಟಕ್ಕೆ, ಕೆಲಸದಾಳುಗಳು ಓಡಾಡಲು ಬಿಟ್ಟಿದ್ದ ಕಿರುದಾರಿಯೊಂದು ಕಂದಕಕ್ಕೆ ಅಡ್ಡವಾಗಿ ಉಳಿದಿತ್ತು. ನಾನದನ್ನು ಐಸ್‌ಕ್ರೀಂ ಕಡ್ಡಿಯಿಂದ ಮಾಡಿ ಮಣ್ಣು ಬಳಿದಿದ್ದೆ.

"ಇದನ್ನು ಕಿತ್ತುಹಾಕಬಹುದಾ?" ಅಂತ ಕೇಳಿದಳು.

ಬಹುದು, ಒಂದು ದಳ ಒಂದು ಸರದಿ ಕೆಲಸ ಮಾಡಬೇಕು ಅಂದೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದೊಂದು ಕಡ್ಡಿ ಎತ್ತಿದರೆ ಆಟದ ದಿಕ್ಕೇ ಬೇರೆ.

ಕಾಲೇಜು ಹುಡುಗ ಎದ್ದು ನಿಂತ. ಅವಳೇ ದ್ರೋಹಿ, ಬಿರುಕಿನ ಕಾವಲಿನಿಂದ ಒಂದು ದಳ ಕಡಿಮೆ ಮಾಡಿಸುವ ಹೂಟ ಇದು ಅಂದ. ಅವಳ ಅಪ್ಪ ಬಾಯಿ ತೆರೆದವನು ಮುಚ್ಚಿಕೊಂಡ. ಮಗಳ ಮುಖವನ್ನು ಒಂದು ಕ್ಷಣ ನೋಡಿದ, ಅಷ್ಟೇ. ಕಡ್ಡಿ ಅಲ್ಲೇ ಉಳಿಯಿತು.

ಬ್ರಿಟಿಷರು ಎಂಟೆಂಟು ಇಂಚು ಹಾಕಿಕೊಂಡು ಹೊಳೆ ದಾಟಿದರು. ಸಾಯಲಿಕ್ಕೆಂದೇ ಮುಂದೆ ಹೋಗುವ ಪುಟ್ಟ ತುಕಡಿಯ ಸಾರ್ಜೆಂಟ್ ಗ್ರಹಾಂ ಬಾವುಟ ನೆಟ್ಟು ಅಲ್ಲೇ ಬಿದ್ದ. 1799ರಲ್ಲಿ ಬಿದ್ದ ಹಾಗೆಯೇ. ಹಿಂದೆ ಬಂದವರು ಎರಡು ಸೀಳಾಗಿ ಒಂದು ಸಾಲು ಉತ್ತರದ ಗೋಡೆ, ಒಂದು ಸಾಲು ದಕ್ಷಿಣದ ಗೋಡೆ ಹಿಡಿದರು. ಕಡ್ಡಿಯ ಮೇಲೆ ನಡೆದು ಒಳಗೋಡೆಗೂ ಹತ್ತಿದರು. ಟೀಚರಮ್ಮ ಓಡಿಹೋಗುವ ಅವಕಾಶವಿದ್ದರೂ ಟಿಪ್ಪುವಿನ ಗೊಂಬೆಯನ್ನು ಉತ್ತರದ ಗೋಡೆಯ ಮೇಲೆ, ನೀರಿನ ಬಾಗಿಲಿನ ಕಡೆಗೆ ತಾವೇ ಸರಿಸಿದರು. ಹಾಗೆ ಮಾಡಿ ಅಂತ ನಾನು ಹೇಳಿರಲಿಲ್ಲ. ಒಂಬತ್ತನೇ ಸರದಿಗೆ ಎಲ್ಲ ಮುಗಿದಿತ್ತು.

"ಸರಿ, ಯಾರದು?" ಅಂದರು ಟೀಚರಮ್ಮ. ನಾಲ್ವರೂ ಹಾಳೆ ಬಿಡಿಸಿ ಮೇಜಿನ ಮೇಲಿಟ್ಟರು.

ನಾಲ್ಕೂ ಖಾಲಿ.

ಎಂಟು ಜನ ನನ್ನನ್ನು ನೋಡಿದರು. ನಾನು ಅಳಿಯನನ್ನು ನೋಡಿದೆ. ಅವನು ಜೇಬು ತಡಕಿದ, ಬ್ಯಾಗು ಕೊಡವಿದ, ಆಮೇಲೆ ಬಗ್ಗಿ ಸ್ಟೂಲಿನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ. ಅಕ್ಕಿ ಬಟ್ಟಲು ಅಲ್ಲಾಡುತ್ತದೆ ಅಂತ ಬೆಳಿಗ್ಗೆ ಸ್ಟೂಲಿನ ಕುಂಟು ಕಾಲಿಗೆ ಏನೋ ಕಾಗದ ಮಡಚಿ ಕೊಟ್ಟಿದ್ದನಂತೆ. ಎಳೆದು ಬಿಡಿಸಿದರೆ ಮೀರ್ ಸಾದಿಕ್. ನಾಲ್ಕು ಮಡಿಕೆ.

ನಾನು ಕ್ಷಮೆ ಕೇಳಿದೆ. ಆಟ ಕೆಟ್ಟಿತು, ಬೇಕಾದರೆ ದಾಳಿಯನ್ನು ಮತ್ತೆ ಆಡಿಸುತ್ತೇನೆ ಅಂದೆ. ಯಾರೂ ಒಪ್ಪಲಿಲ್ಲ. ಕಾಲೇಜು ಹುಡುಗ ಹುಡುಗಿಯ ಹತ್ತಿರ ಹೋಗಿ ಸಾರಿ ಅಂದ. ಅವಳ ಅಪ್ಪ ಏನೂ ಹೇಳದೆ ಕಡ್ಡಿಯನ್ನು ಎತ್ತಿ, ತಿರುಗಿಸಿ ನೋಡಿ, ಇದ್ದಲ್ಲೇ ಇಟ್ಟ. ಹುಡುಗಿ ಮಾತ್ರ ನನ್ನನ್ನು ಬಿಡಲಿಲ್ಲ. "ಹಾಗಾದ್ರೆ ನಿಜವಾದ ಮೀರ್ ಸಾದಿಕ್ ಹತ್ರ ಕಾರ್ಡು ಇತ್ತಾ?"

ಇತ್ತು ಅಂತ ಕಿರ್ಮಾನಿ ಹೇಳುತ್ತಾನೆ ಅಂದೆ. ಕಿರ್ಮಾನಿ ಅವನ ಜೇಬು ನೋಡಿದ್ನಾ ಅಂದಳು. ಎಂಟು ಪಟ್ಟೆಯ ಸಿಪಾಯಿಯನ್ನು ಅವಳಿಗೇ ಕೊಟ್ಟುಬಿಟ್ಟೆ.

ರಾತ್ರಿ ಅಳಿಯ ಮಂಕಾಗಿ ಕೂತಿದ್ದ. "ನನ್ನಿಂದ ಹಿಂಗಾಯ್ತು ಮಾವ."

"ನಿನ್ನಿಂದ ಏನೋ ಆಗಿದ್ದು? ಸ್ಟೂಲು ಅಲ್ಲಾಡಲಿಲ್ಲ ತಾನೆ, ಬುಡು," ಅಂದೆ. ಮುಂದಿನ ಸಲದಿಂದ ಲಕೋಟೆಯಲ್ಲಿ ಕಾರ್ಡು ಇಡಬೇಕೋ ಬೇಡವೋ ಅಂತ ನಾನಿನ್ನೂ ತೀರ್ಮಾನಿಸಿಲ್ಲ.

ಭಾನುವಾರ

ಕೊನೆಯ ದಿನ ಹಳೇ ಸಾಮಾನಿನ ಸಂತೆ. ಮನೆಯಲ್ಲಿ ಹೆಂಡತಿ ಬೈದು ಹೊರಹಾಕಿಸಿದ ಸೈನ್ಯಗಳೆಲ್ಲ ಅಲ್ಲಿ ಸಿಗುತ್ತವೆ. ಒಬ್ಬ ನನ್ನ ಕೋಟೆಗೆ ಬೆಲೆ ಕೇಳಿದ. ಅಳಿಯ ನನಗಿಂತ ಮುಂಚೆ, "ಮಾರಲ್ಲ," ಅಂದ, ಅದೂ ಕನ್ನಡದಲ್ಲಿ.

ವಾಪಸು ಬರುವಾಗ ಸ್ವಲ್ಪ ಸುತ್ತಾದರೂ ಬ್ರ್ಯಾಂಡಿವೈನ್ ನೋಡಿಕೊಂಡು ಹೋಗೋಣ ಅಂದೆ. 1777ರ ಸೆಪ್ಟೆಂಬರ್ 11ರಂದು ವಾಷಿಂಗ್ಟನ್ ಈ ಹೊಳೆಯ ಒಂದು ದಡದಲ್ಲಿ ಕಾಯುತ್ತಿದ್ದಾಗ, ಕಾರ್ನ್‌ವಾಲಿಸ್ ಮೇಲುಗಡೆಯ ಕಡವಿನಲ್ಲಿ ಸದ್ದಿಲ್ಲದೆ ದಾಟಿ ಬಂದು ಪಕ್ಕೆಗೆ ಹೊಡೆದ. ಹೊಳೆ ದಾಟುವ ವಿದ್ಯೆ ಆ ಮನುಷ್ಯನಿಗೆ ಇಲ್ಲಿಂದಲೇ ಕರಗತ. ಮರದ ನೆರಳಲ್ಲಿ ಕಾರು ನಿಲ್ಲಿಸಿ ಇಳಿದು ನೀರಿನ ಹತ್ತಿರ ಹೋದೆವು.

"ಇದಾ ನದಿ?" ಅಂದ ಅಳಿಯ. "ನಮ್ ವಿ.ಸಿ. ನಾಲೆ ಇದಕ್ಕಿಂತ ಅಗಲ ಐತೆ."

ಪ್ಯಾಂಟು ಮಡಚಿ ಇಳಿದ. ಮೊಣಕಾಲುದ್ದ ನೀರು, ಕಾಲಡಿ ಜಾರುವ ಕಲ್ಲು. ಆಚೆ ದಡಕ್ಕೆ ಹೋಗಿ ಕೈ ಬೀಸಿದ. ನಾನು ವಾಚು ನೋಡಿದೆ, ಅಭ್ಯಾಸ ಬಲ.

ಹೊರಡುವ ಮುಂಚೆ ಸಾಮಾನು ಗಟ್ಟಿಯಾಗಿದೆಯೇ ಅಂತ ಡಿಕ್ಕಿ ತೆಗೆದೆ. ಬೆಡ್‌ಶೀಟು ಸರಿದಿತ್ತು. ಅಕ್ಕಿಯ ಲೋಟ ಮಗುಚಿ ಕಾಳೆಲ್ಲ ಹಲಗೆಯ ಮೇಲೆ ಚೆಲ್ಲಿದ್ದವು. ಕೊಡವಿದೆ. ಹೆಚ್ಚಿನವು ಉದುರಿದವು. ಹೊಳೆಯ ನಡುಭಾಗದಲ್ಲಿ, ಇನ್ನೂ ಅಂಟಂಟಾಗಿದ್ದ ಕಡೆ, ಹತ್ತಿಪ್ಪತ್ತು ಕಾಳು ರೆಸಿನ್‌ನಲ್ಲಿ ಅರ್ಧ ಮುಳುಗಿ ಕೂತಿದ್ದವು. ಉಗುರಿನಿಂದ ಒಂದನ್ನು ಎಬ್ಬಿಸಲು ನೋಡಿದೆ, ಕಾವೇರಿ ಬಿಡಲಿಲ್ಲ.

"ಬುಡಿ ಮಾವ," ಅಂದ ಅಳಿಯ, ಒದ್ದೆ ಕಾಲಲ್ಲೇ ಬಂದು ಇಣುಕಿ. "ದೂರದಿಂದ ನೋಡುದ್ರೆ ಕೊಕ್ಕರೆ ಕೂತಂಗೈತೆ."